ಎಚ್ಚರಿಕೆಯ ಮಾತು ಓದುವವರ ಭಾಷೆಯಲ್ಲಿರಲಿ

ಆಮದು ನಿಯಮಗಳೆಂದರೆ ಬಂದರಿನ ಅಧಿಕಾರಿಗಳಿಗೂ ದೊಡ್ಡ ವ್ಯಾಪಾರಿಗಳಿಗೂ ಮಾತ್ರ ಸಂಬಂಧಿಸಿದ ಸಂಗತಿ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ನಿಜವಲ್ಲವೆಂಬುದನ್ನು ಚನ್ನಪಟ್ಟಣದ ಬೊಂಬೆ ತಯಾರಕರು ಚೆನ್ನಾಗಿ ಬಲ್ಲರು. ಅಗ್ಗದ ವಿದೇಶಿ ಆಟಿಕೆಗಳ ಪೈಪೋಟಿಯಲ್ಲಿ ನಲುಗಿದ ಅವರಿಗೆ, 2021ರ ಜನವರಿ 1ರಿಂದ ದೇಶದಲ್ಲಿ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದದ್ದು ಬದುಕಿನ ಪ್ರಶ್ನೆಯೇ ಆಗಿತ್ತು. ಮಕ್ಕಳು ಆಡುವ ವಸ್ತುವಿನ ಬಗ್ಗೆ ತೋರಿದ ಈ ಕಾಳಜಿಯನ್ನು ಮಕ್ಕಳು ಕುಡಿಯುವ ವಸ್ತುವಿನ ಬಗ್ಗೆಯೂ ತೋರಿದ್ದೇವೆಯೇ?

ಬಿಡದಿಯಲ್ಲಿ ಕೋಕಾ ಕೋಲಾ ತುಂಬಿಸುವ ದೊಡ್ಡ ಕಾರ್ಖಾನೆ ಇದೆ. ತಂಪು ಪಾನೀಯ ಈ ಸೀಮೆಗೆ ಹೊಸದಲ್ಲ. ಆದರೆ ಅಂಗಡಿಗಳ ಶೀತಕ ಪೆಟ್ಟಿಗೆಗಳಲ್ಲಿ ಈಗ ಸಮುದ್ರ ದಾಟಿ ಬಂದ ಡಬ್ಬಿಗಳೂ ಸ್ಥಾನ ಪಡೆದಿವೆ. ‘ಎನರ್ಜಿ ಡ್ರಿಂಕ್’ ಎಂಬ ಹೆಸರಿನ, ಕೆಫೀನ್ ತುಂಬಿದ ಪಾನೀಯಗಳು ಅವುಗಳಲ್ಲಿ ಮುಖ್ಯವಾದವು. ಇತ್ತೀಚೆಗೆ ರಾಮನಗರ ಮತ್ತು ಕನಕಪುರದ ಪೇಟೆಗಳಲ್ಲಿ ಅಂಥ ಕೆಲವು ಡಬ್ಬಿಗಳನ್ನು ನಾನು ತಿರುಗಿಸಿ ನೋಡಿದೆ. ಒಂದರ ಮೇಲೂ ಕನ್ನಡದ ಅಕ್ಷರವಿರಲಿಲ್ಲ.

ನಿಯಮಗಳು ಇಲ್ಲವೆಂದಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರಲ್ಲಿ ಬಂತು. ಅದರಡಿ 2017ರಲ್ಲಿ ಆಮದು ನಿಯಮಾವಳಿ ರೂಪುಗೊಂಡಿತು. ಆಮದುದಾರ ಕೇಂದ್ರ ಪರವಾನಗಿ ಪಡೆದಿರಬೇಕು. ಸರಕು ಬಂದಾಗ ಅದರ ಬಾಳಿಕೆಯ ಅವಧಿಯಲ್ಲಿ ಶೇ 60ರಷ್ಟು ಅಥವಾ ಮೂರು ತಿಂಗಳು, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟಾದರೂ ಉಳಿದಿರಬೇಕು. ಆಮದುದಾರನ ಹೆಸರು ವಿಳಾಸ, ಪರವಾನಗಿ ಸಂಖ್ಯೆ ಮೊದಲಾದ ಕೆಲವು ವಿವರಗಳು ಮೂಲ ಡಬ್ಬಿಯಲ್ಲಿ ಇಲ್ಲದಿದ್ದರೆ ಸುಂಕದ ಗೋದಾಮಿನಲ್ಲಿಯೇ ಚೀಟಿ ಅಂಟಿಸಲು ಅವಕಾಶವಿದೆ.

ಕೆಫೀನ್‌ಗೂ ಮಿತಿಯುಂಟು. ಇಂಥ ಪಾನೀಯದ ಒಂದು ಲೀಟರಿನಲ್ಲಿ ಅದು 300 ಮಿಲಿಗ್ರಾಂ ಮೀರುವಂತಿಲ್ಲ. ಯುರೋಪಿನ ಪೇಟೆಗಳಲ್ಲಿ 320 ಮಿಲಿಗ್ರಾಂ ಸಾಮಾನ್ಯ. ಅಲ್ಲಿ ಸರಿಯಾದ ಡಬ್ಬಿ ಇಲ್ಲಿ ಕಾನೂನುಬಾಹಿರವಾಗುವುದು ಹೀಗೆ. ಇದು ಕೂದಲು ಸೀಳುವ ಲೆಕ್ಕವಲ್ಲ. ಮಕ್ಕಳಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ ಕೆಫೀನ್ ಆತಂಕಕಾರಿಯಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಅಭಿಪ್ರಾಯಪಟ್ಟಿತು. 30 ಕಿಲೋ ತೂಕದ ಬಾಲಕನಿಗೆ ಅದು 90 ಮಿಲಿಗ್ರಾಂ. ನಮ್ಮ ಮಿತಿಯೊಳಗೇ ಇರುವ ಅರ್ಧ ಲೀಟರಿನ ಡಬ್ಬಿಯೊಂದರಲ್ಲಿ 150 ಮಿಲಿಗ್ರಾಂ ಇರಬಹುದು. ಆದ್ದರಿಂದಲೇ, ಇದು ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ತಕ್ಕದ್ದಲ್ಲ, ದಿನಕ್ಕೆ 500 ಮಿಲಿಲೀಟರ್ ಮೀರಬಾರದು ಎಂದು ಡಬ್ಬಿಯ ಮೇಲೆ ಮುದ್ರಿಸುವುದು ಕಡ್ಡಾಯ.

ಯಾವ ಭಾಷೆಯಲ್ಲಿ? ನಿಯಮದ ಪ್ರಕಾರ ಇಂಗ್ಲಿಷ್ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ. ಬೇರೆ ಭಾಷೆಯನ್ನು ಹೆಚ್ಚುವರಿಯಾಗಿ ಬಳಸಲು ಅಡ್ಡಿಯಿಲ್ಲ, ಬಳಸಲೇಬೇಕೆಂಬ ಕಡ್ಡಾಯವೂ ಇಲ್ಲ. ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಮೇಲೆ ಕನ್ನಡವೂ ಇರಬೇಕೆಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಹೇಳುತ್ತದೆ. ಹೊರಗಿನಿಂದ ಬಂದದ್ದಕ್ಕೆ ಅದು ಅನ್ವಯಿಸದು. ಹೀಗೆ, ಹೆಚ್ಚು ಎಚ್ಚರಿಕೆ ಬೇಕಾದ ಡಬ್ಬಿಯೇ ಮಾಗಡಿಯ ತಾಯಿಯೊಬ್ಬಳ ಪಾಲಿಗೆ ಮೂಕವಾಗಿದೆ.

ಇದರ ಇನ್ನೊಂದು ಬಲಿಪಶು ಸಣ್ಣ ಅಂಗಡಿಯಾತ. ಕಾಯ್ದೆಯ 52ನೇ ಕಲಮಿನಂತೆ ತಪ್ಪು ಲೇಬಲ್ಲಿನ ಆಹಾರವನ್ನು ಆಮದು ಮಾಡಿದವನಷ್ಟೇ ಅಲ್ಲ, ದಾಸ್ತಾನು ಮಾಡಿದವನೂ ಮಾರಿದವನೂ ಮೂರು ಲಕ್ಷ ರೂಪಾಯಿವರೆಗೆ ದಂಡಕ್ಕೆ ಗುರಿಯಾಗಬಹುದು. ಆಮದುದಾರನ ಹೆಸರಿಲ್ಲದ ಡಬ್ಬಿಯನ್ನು ಅಗ್ಗವೆಂದು ಕೊಂಡವನಿಗೆ ಆ ಹೊಣೆಯ ಅರಿವೇ ಇರುವುದಿಲ್ಲ. ಸರಬರಾಜುದಾರ ಕೊಟ್ಟ ಬಿಲ್ಲನ್ನೇ ಕಾನೂನು ಖಾತರಿ ಪತ್ರವೆಂದು ಪರಿಗಣಿಸುತ್ತದೆ. ಬಿಲ್ಲಿಲ್ಲದೆ ಸರಕು ಪಡೆದವನಿಗೆ ಆ ರಕ್ಷಣೆಯೂ ಇಲ್ಲ.

ಗಲಾಟೆಯಾದ ಮೇಲೆ ಎಚ್ಚೆತ್ತುಕೊಳ್ಳುವುದು ನಮ್ಮ ಹಳೆಯ ರೂಢಿ. ತಂಪು ಪಾನೀಯಗಳಲ್ಲಿ ಕೀಟನಾಶಕದ ಅಂಶವಿದೆಯೆಂದು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2003ರಲ್ಲಿ ಪ್ರಕಟಿಸಿದಾಗ ಸಂಸತ್ತು ಜಂಟಿ ಸಮಿತಿ ರಚಿಸಿತು. 2006ರಲ್ಲಿ ಅದೇ ಸಂಸ್ಥೆ ಮತ್ತೆ ದನಿಯೆತ್ತಿದಾಗ, ಆಗ ರಾಮನಗರವನ್ನೇ ಪ್ರತಿನಿಧಿಸುತ್ತಿದ್ದ ಎಚ್.ಡಿ. ಕುಮಾರಸ್ವಾಮಿ ಅವರ ಸರ್ಕಾರ ಶಾಲಾ ಕಾಲೇಜುಗಳಲ್ಲಿ ಮಾರಾಟ ನಿರ್ಬಂಧಿಸಿತು. ಕೇರಳ ಪೂರ್ಣ ನಿಷೇಧಿಸಿತು, ಹೈಕೋರ್ಟ್ ಅದನ್ನು ಕೆಲವೇ ವಾರಗಳಲ್ಲಿ ರದ್ದುಮಾಡಿತು. ಆವೇಶದ ನಿಷೇಧಕ್ಕಿಂತ ನಿತ್ಯ ಪಾಲನೆಯಾಗುವ ಸಣ್ಣ ನಿಯಮವೇ ಮೇಲು ಎಂಬುದು ಆ ಪ್ರಕರಣಗಳಿಂದ ನಾನು ಕಲಿಯುವ ಪಾಠ.

ದೇಶದ ಇಷ್ಟೊಂದು ಭಾಷೆಗಳನ್ನು ಒಂದು ಡಬ್ಬಿಯಲ್ಲಿ ಮುದ್ರಿಸಲಾದೀತೇ ಎಂದು ಆಮದುದಾರರು ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಹೇಗೂ ಅಂಟಿಸುವ ಚೀಟಿಯಲ್ಲಿ, ಕರ್ನಾಟಕಕ್ಕೆ ಬರುವ ಸರಕಿನ ಮಟ್ಟಿಗೆ, ಎರಡು ಸಾಲು ಕನ್ನಡ ಸೇರಿಸುವುದು ಅಸಾಧ್ಯವಲ್ಲ. ಅದೂ ಆಗದಿದ್ದರೆ ಚಿಹ್ನೆ ಇದೆ. ಸಸ್ಯಾಹಾರದ ಹಸಿರು ಚುಕ್ಕೆಯನ್ನು ಓದು ಬಾರದವರೂ ಗುರುತಿಸುತ್ತಾರೆ. ಮಕ್ಕಳಿಗೆ ಸಲ್ಲದ ಪಾನೀಯಕ್ಕೂ ಅಂಥದೊಂದು ಗುರುತನ್ನು ಕೇಂದ್ರದ ಪ್ರಾಧಿಕಾರ ನಿಗದಿಪಡಿಸಲಿ.

ರಾಜ್ಯವೂ ಕೈಕಟ್ಟಿ ಕೂರಬೇಕಿಲ್ಲ. ಸಕ್ಕರೆ ಮತ್ತು ಉಪ್ಪು ಹೆಚ್ಚಿರುವ ತಿನಿಸು, ಪಾನೀಯಗಳನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದೆಂಬ 2020ರ ನಿಯಮಾವಳಿ ಕೈಯಲ್ಲಿದೆ. ಲಿಥುವೇನಿಯಾ 2014ರಲ್ಲಿ, ಪೋಲೆಂಡ್ 2024ರಲ್ಲಿ 18 ವರ್ಷದೊಳಗಿನವರಿಗೆ ಇಂಥ ಪಾನೀಯದ ಮಾರಾಟವನ್ನೇ ನಿಷೇಧಿಸಿವೆ. ನಾವು ಅಷ್ಟು ದೂರ ಹೋಗುವ ಮುನ್ನ, ಇರುವ ನಿಯಮವನ್ನು ಜಾರಿಗೆ ತರೋಣ. ಇದೀಗ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಪಡೆದಿರುವ ಈ ಜಿಲ್ಲೆಯಲ್ಲಿಯೇ, ಇಂಥ ಪಾನೀಯ ಮಾರುವ ಪ್ರತಿ ಅಂಗಡಿಯಲ್ಲೂ ಒಂದು ಕನ್ನಡ ಫಲಕ ತೂಗುವಂತೆ ಮಾಡಲಿ. ಅದಕ್ಕೆ ಹೊಸ ಕಾಯ್ದೆ ಬೇಡ, ಹೆಚ್ಚು ಹಣವೂ ಬೇಡ. ಕುಡಿಯುವವರಿಗೆ ಅರ್ಥವಾಗದ ಎಚ್ಚರಿಕೆಯಿಂದ ಕಾನೂನಿನ ಪಾಲನೆ ಆದೀತೇ ಹೊರತು ಮಗುವಿನ ರಕ್ಷಣೆ ಆಗದು.