ಪಟಾನ್‌ಚೆರುವಿನ ಗೋಡೆಗಳಿಗೆ ಬಣ್ಣ ಬೇಕು

ಬೀದರ್, ಹುಮನಾಬಾದ್, ಕಲಬುರಗಿ ಕಡೆಯಿಂದ ಮುಂಬೈ ಹೆದ್ದಾರಿ ಹಿಡಿದು ಬಂದು ಈ ಊರಿನಲ್ಲಿ ಸಂಸಾರ ಹೂಡಿದವರು ನಾವು. ತೆಲುಗು, ಉರ್ದು, ಮರಾಠಿ, ಒಡಿಯಾ ಆಡುವ ನೆರೆಯವರೂ ನಮ್ಮ ಜೊತೆಗಿದ್ದಾರೆ. ಕೆಲವರು ಔಷಧ ಕಾರ್ಖಾನೆಯ ಪಾಳಿಗೆ ಹೋಗುವವರು, ಕೆಲವರು ತರಕಾರಿ ಮಾರುವವರು, ಒಂದಿಬ್ಬರು ಅಂಗಡಿಗಳ ಬೋರ್ಡು ಬರೆದೇ ಮಕ್ಕಳನ್ನು ಓದಿಸಿದವರು. ಪಟಾನ್‌ಚೆರುವಿನ ಬೀದಿಗೋಡೆಗಳ ಮೇಲೆ ಚಿತ್ರ ಬರೆಯಲು ನಾವು ಕೂಡಿದ್ದೇವೆ. ನಮ್ಮ ಮಾತನ್ನು ಊರಿನ ಮುಂದೆ ಇಡುತ್ತಿದ್ದೇವೆ.

ಇಲ್ಲಿ ಗೋಡೆಗೆ ಬರವಿಲ್ಲ. ಒಂದು ಕಾರ್ಖಾನೆಯ ಕಾಂಪೌಂಡು ಮುಗಿಯುವಷ್ಟರಲ್ಲಿ ಇನ್ನೊಂದರದು ಶುರು. ರಾತ್ರಿ ಪಾಳಿಗೆ ಹೊರಟವರು, ಬಸ್ಸಿಗೆ ಕಾಯುವವರು ದಿನಾ ನೋಡುವುದು ಸಿಮೆಂಟಿನ ಬೂದಿಬಣ್ಣ, ಹರಿದ ಪೋಸ್ಟರು, ಇಲ್ಲಿ ಮೂತ್ರ ಮಾಡಬೇಡಿ ಎಂಬ ಗದರಿಕೆ. ದುಡಿಯುವವರ ಕಣ್ಣಿಗೂ ಹಸಿವಿದೆ. ಗೋಡೆಯ ತಿರುವಿನಲ್ಲಿ ಗುಬ್ಬಿಯೊಂದು ಕಂಡು ಮಗು ಕೈ ತೋರಿಸಿ ನಗಬೇಕು. ಬಸ್ಸು ತಡವಾದಾಗ ಹೊಲದ ಚಿತ್ರ ನೋಡುತ್ತ ನಿಂತವನಿಗೆ ತನ್ನೂರಿನ ರಾಶಿ ಕಣ್ಣಿಗೆ ಕಟ್ಟಬೇಕು. ಅಷ್ಟು ಸಂತೋಷ ರಜೆ ಹಾಕದೆ, ಟಿಕೆಟ್ ಕೊಳ್ಳದೆ, ದಿನವೂ ಸಿಗಬೇಕು. ಅದು ನಮ್ಮ ಹಕ್ಕು ಎಂದೇ ನಾವು ತಿಳಿದಿದ್ದೇವೆ.

ಬೀದಿಚಿತ್ರ ಈಗ ಕತ್ತಲಲ್ಲಿ ಕದ್ದು ಮಾಡುವ ಕೆಲಸವಾಗಿ ಉಳಿದಿಲ್ಲ. ಬೀದಿಚಿತ್ರಕಾರ ಬ್ಯಾಂಕ್ಸಿಯ ಬಲೂನು ಹುಡುಗಿಯ ಚಿತ್ರ 2018ರಲ್ಲಿ ಲಂಡನ್ನಿನ ಹರಾಜಿನಲ್ಲಿ ಮಾರಾಟವಾದ ಕ್ಷಣದಲ್ಲೇ ಚೌಕಟ್ಟಿನೊಳಗಿನ ಯಂತ್ರಕ್ಕೆ ಸಿಕ್ಕಿ ಅರ್ಧ ಸೀಳಿಹೋಯಿತು. ಆ ಸೀಳಿದ ಚಿತ್ರವೇ 2021ರಲ್ಲಿ 1.85 ಕೋಟಿ ಪೌಂಡಿಗೂ ಹೆಚ್ಚಿಗೆ ಹೋಯಿತು. ದಿಲ್ಲಿಯ ಲೋಧಿ ಕಾಲೊನಿಯ ಸರ್ಕಾರಿ ವಸತಿಗೃಹಗಳ ಗೋಡೆಗಳನ್ನು ನೋಡಲು ಈಗ ಪ್ರವಾಸಿಗರು ಬರುತ್ತಾರೆ. ನಮ್ಮ ಹೈದರಾಬಾದಿನಲ್ಲೇ, ಹುಸೇನ್ ಸಾಗರದ ಬಳಿಯ ಎಂ.ಎಸ್. ಮಖ್ತಾದ ಇಕ್ಕಟ್ಟಾದ ಓಣಿಗಳು 2016ರಲ್ಲಿ ಬಣ್ಣ ಕಂಡವು. ಆ ಓಣಿಗಳಿಗೆ ಬಂದದ್ದು ಈ ಕೈಗಾರಿಕಾ ಪ್ರದೇಶಕ್ಕೆ ಬಾರದೆ ಉಳಿಯಬಾರದು. 2007ರಲ್ಲಿ ಪಟಾನ್‌ಚೆರು ಮಹಾನಗರ ಪಾಲಿಕೆಗೆ ಸೇರಿತು. ನಗರದ ಚೆಲುವಿನಲ್ಲೂ ನಮ್ಮ ಪಾಲು ಬರಲಿ.

ಆದರೆ ಹರಾಜಿನ ಬೆಲೆ ನಮಗೆ ಅಳತೆಗೋಲಲ್ಲ. ನಾವು ಗುರುವೆಂದು ನೆನೆಯುವುದು ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರನ್ನು. 2015ರಲ್ಲಿ ಬೆಂಗಳೂರಿನ ಸುಲ್ತಾನಪಾಳ್ಯದ ರಸ್ತೆಗುಂಡಿಯಲ್ಲಿ ಅವರು ಮೊಸಳೆಯ ಆಕೃತಿಯನ್ನು ಕೂರಿಸಿದರು. 2019ರಲ್ಲಿ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯ ಉಡುಪು ತೊಟ್ಟ ನಟನೊಬ್ಬನನ್ನು ಚಂದ್ರನ ನೆಲದಲ್ಲೆಂಬಂತೆ ನಡೆಸಿದರು. ಜನ ನಕ್ಕರು, ಪಾಲಿಕೆ ಓಡಿಬಂದು ರಸ್ತೆ ಸರಿಮಾಡಿತು. ನಗಿಸುತ್ತಲೇ ನಿಜ ಹೇಳುವ ಆ ಕಲೆ ನಮಗೆ ಬೇಕು.

ಗೋಡೆ ಬರೆಯುವ ಕೈಗಳನ್ನು ನಾವು ಹೊರಗಿಂದ ತರಿಸಬೇಕಿಲ್ಲ. ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ನೀಲಿಪುಡಿ ಸವರಿದ ದಾರವನ್ನು ಇಬ್ಬರು ಎಳೆದು ಹಿಡಿದು ಒಮ್ಮೆ ಮೀಟಿದರೆ ಇಪ್ಪತ್ತು ಅಡಿಯ ಗೆರೆ ನೆಟ್ಟಗೆ ಮೂಡುತ್ತದೆ. ಅಂಗೈಯಗಲದ ಚಿತ್ರಕ್ಕೆ ಚೌಕ ಹಾಕಿ, ಗೋಡೆಗೆ ಅಷ್ಟೇ ಸಂಖ್ಯೆಯ ದೊಡ್ಡ ಚೌಕ ಹಾಕಿ, ಒಂದೊಂದಾಗಿ ತುಂಬಿದರೆ ಮುಖ ಕೆಡುವುದಿಲ್ಲ. ತೇವ ಹೀರಿದ ಗೋಡೆಗೆ ಬಣ್ಣ ಹಚ್ಚಿದರೆ ಹಪ್ಪಳದಂತೆ ಏಳುತ್ತದೆಂದು ಅವರಿಗೆ ಗೊತ್ತು, ಬಿಸಿಲಿಗೆ ಮೊದಲು ಸೋಲುವ ಬಣ್ಣ ಯಾವುದೆಂದೂ ಗೊತ್ತು. 2009ರ ಸುಮಾರಿಗೆ ಬೆಂಗಳೂರು ಪಾಲಿಕೆ ತನ್ನ ಗೋಡೆಗಳಿಗೆ ಸಿನಿಮಾ ಬ್ಯಾನರ್ ಕಲಾವಿದರನ್ನು ಕರೆಯಿತು. ಆ ಚಿತ್ರಗಳಲ್ಲಿ ಎಲ್ಲವೂ ಚೆನ್ನಾಗಿದ್ದವೆಂದು ನಾವು ಹೇಳುವುದಿಲ್ಲ, ಆದರೆ ಕರೆದದ್ದು ಸರಿಯಾದವರನ್ನೇ. ಇಲ್ಲಿ ಮೊದಲ ಕುಂಚ ಅವರ ಕೈಗೆ, ಹೊಸಬರು ಅವರ ಪಕ್ಕದಲ್ಲಿ ಕಲಿಯಲಿ. ಕೂಲಿ ಪೂರ್ತಿ ಕೊಡುತ್ತೇವೆ. ಕಲೆಯೆಂಬ ಹೆಸರಿನಲ್ಲಿ ಪುಕ್ಕಟೆ ದುಡಿಸಿಕೊಳ್ಳುವುದಿಲ್ಲ.

ಬಸವನಕಟ್ಟೆಯ ಬಳಿ ಕೂತು ಅಜ್ಜಿಯರು ಹೇಳುವ ಕಥೆಗಳೂ ಬೆಳಗಿನ ಮುಗ್ಗಿನ, ಅಂದರೆ ರಂಗೋಲಿಯ, ಚುಕ್ಕಿಗಳೂ ಬತುಕಮ್ಮ ಹಬ್ಬದ ತಂಗೇಡು ಹೂವೂ ಈ ಗೋಡೆಗಳಿಗೆ ಏರಬೇಕು. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಏರಬೇಕು. 1972ರಿಂದ ಇಕ್ರಿಸ್ಯಾಟ್ ಬೆಳೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದೇ ಊರಿನ ಹೊಲಗಳಲ್ಲಿ ಈ ಬೆಳೆಗಳ ತಳಿಗಳನ್ನು ಸಾಕಿ ಲೋಕಕ್ಕೆ ಕೊಡುತ್ತಿದ್ದಾರೆ, ಆದರೆ ಆ ಸಂಸ್ಥೆಯ ಗೋಡೆಯಾಚೆಗಿನ ನಮ್ಮ ಮಕ್ಕಳಿಗೆ ತೊಗರಿ ಹೂವಿನ ಹಳದಿ ಗೊತ್ತಿಲ್ಲ. ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹನ ಕಾಲದಲ್ಲಿ, ಸಾವಿರ ವರ್ಷದ ಹಿಂದೆ, ಇದು ಪೊಟ್ಟಳಕೆರೆ ಎಂಬ ನೆಲೆವೀಡು. ಇಲ್ಲಿ ಬಸದಿಗಳಿದ್ದವು, ಸಿಕ್ಕ ಜಿನಬಿಂಬಗಳು ವಸ್ತುಸಂಗ್ರಹಾಲಯ ಸೇರಿವೆ. ಆ ಕಥೆಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಉರ್ದುವಿನಲ್ಲೂ ಬರೆಯುತ್ತೇವೆ, ಒಂದೇ ಗೋಡೆಯ ಮೇಲೆ, ಒಂದೇ ಗಾತ್ರದ ಅಕ್ಷರದಲ್ಲಿ.

ಇನ್ನೊಂದು ಮಾತು, ಇದರಲ್ಲಿ ನಮಗೆ ರಾಜಿಯಿಲ್ಲ. ಈ ಊರಿನ ಹಳ್ಳಗಳು ವಿಷ ಉಂಡಿವೆ. ಪಟಾನ್‌ಚೆರು–ಬೊಲ್ಲಾರಂ ಮಾಲಿನ್ಯದ ಮೊಕದ್ದಮೆ 1990ರಲ್ಲೇ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಇಲ್ಲಿನ ಸಂಸ್ಕರಣಾ ಘಟಕದಿಂದ ಹೊರಬಂದ ನೀರಿನಲ್ಲಿ ಸಿಪ್ರೊಫ್ಲಾಕ್ಸಸಿನ್ ಔಷಧವು ಅದನ್ನು ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚಿತ್ತೆಂದು ಸ್ವೀಡನ್ನಿನ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಆ ನೀರು ನಕ್ಕವಾಗು ಹಳ್ಳದ ಮೂಲಕ ಸೇರುತ್ತಿದ್ದದ್ದು ಮಾಂಜ್ರಾ ನದಿಯನ್ನು, ಬೀದರಿನವರು ತಾಯಿಯೆನ್ನುವ ನದಿಯನ್ನು. ಹೀಗಿರುವಾಗ ನೀರು ಕೆಡಿಸಿದವರು ತಮ್ಮ ಗೋಡೆಗೆ ತಾವರೆ, ಮೀನು, ಹಸಿರು ಎಲೆ ಬರೆಸಲು ಹಣ ತಂದರೆ ನಾವು ಮುಟ್ಟುವುದಿಲ್ಲ. ಹಳ್ಳದ ದಂಡೆಯ ಗೋಡೆಯಲ್ಲಿ ಹಳ್ಳದ ಇಂದಿನ ಬಣ್ಣವನ್ನೇ ಬರೆಯುತ್ತೇವೆ. ಸಂತೋಷ ಕೊಡುವ ಚಿತ್ರ ಸುಳ್ಳು ಹೇಳಬೇಕಿಲ್ಲ.

ಗೋಡೆಯ ಒಡೆಯರ ಒಪ್ಪಿಗೆ ಪಡೆದೇ ಕುಂಚ ಎತ್ತುತ್ತೇವೆ. ಮನೆಯ ಎದುರಿನ ಗೋಡೆಗೆ ಏನು ಬರಬೇಕೆಂದು ಆ ಮನೆಯ ಹೆಂಗಸರನ್ನು ಮೊದಲು ಕೇಳುತ್ತೇವೆ, ಬೆಳಗಿನಿಂದ ರಾತ್ರಿಯವರೆಗೆ ಅದನ್ನು ನೋಡಬೇಕಾದವರು ಅವರು. ಪಕ್ಷದ ಚಿಹ್ನೆ, ನಾಯಕರ ಮುಖ, ಕಂಪನಿಯ ಲಾಂಛನ ಬರೆಯುವುದಿಲ್ಲ. ಮಾಸಿದ ಚಿತ್ರವನ್ನು ಅಳಿಸಿ ಹೊಸದು ಬರೆಯಲು ಓಣಿಯ ಮಕ್ಕಳಿಗೆ ಹಕ್ಕಿದೆ. ಹಣದ ಲೆಕ್ಕವನ್ನು ಚಿತ್ರವಿರುವ ಗೋಡೆಯ ಮೂಲೆಯಲ್ಲೇ ಬರೆದಿಡುತ್ತೇವೆ.

ಮಳೆಗಾಲ ಕಳೆದು ಗೋಡೆ ಒಣಗಲು ದಸರೆ ದಾಟಬೇಕು. ಅಲ್ಲಿಯವರೆಗೆ ಓಣಿ ಓಣಿ ತಿರುಗಿ ಒಪ್ಪಿಗೆ ಕೇಳುತ್ತೇವೆ, ಕಾಗದದ ಮೇಲೆ ಚೌಕ ಹಾಕುತ್ತೇವೆ. ಏಣಿ ಇದ್ದವರು ಏಣಿ ಕೊಡಿ, ಸುಣ್ಣ ಹಚ್ಚಲು ಬರುವವರು ಬನ್ನಿ. ಮೊದಲ ಗೋಡೆ ಬಸ್ ನಿಲ್ದಾಣದ ಎದುರಿನದಾಗಲಿ ಎಂಬುದು ನಮ್ಮ ಆಸೆ. ಅಲ್ಲಿ ಜೋಳದ ತೆನೆ ಬರೆಯುತ್ತೇವೆ.