ಕಣ್ಣು ಕೊಟ್ಟರಷ್ಟೇ ಸಾಲದು, ಕಾಯಬೇಕು

ಡಿಸೆಂಬರ್ 13, ಕಣ್ಣಿನ ಪಾಲಕಿ ಸಂತ ಲೂಸಿಯರ ಹಬ್ಬ. ಅದೇ ಹೊತ್ತಿಗೆ ಆಳಂದದ ಕಿಣ್ಣಿ ಸುಲ್ತಾನದಿಂದ ಅಫಜಲಪುರ, ಜೇವರ್ಗಿಯವರೆಗೆ ತೊಗರಿಯ ಕಟಾವು, ರಾಶಿಯ ಕಾಲ. ಕಣದಲ್ಲಿ ಹಾರಿಬಂದ ಹೊಟ್ಟೋ ತಾಕಿದ ಕಡ್ಡಿಯೋ ಕಣ್ಣಿನ ಪಾರದರ್ಶಕ ಪಟಲವಾದ ಕಾರ್ನಿಯಾವನ್ನು ಗೀರಿದರೆ ಸಾಕು, ಮಣ್ಣು ಮತ್ತು ಸಸ್ಯಗಳಲ್ಲಿರುವ ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬ ಶಿಲೀಂಧ್ರಗಳು ಒಳಹೊಕ್ಕು ಹುಣ್ಣು ಮಾಡಬಲ್ಲವು. ಹುಣ್ಣು ಮಾಗಿದರೂ ಬಿಳಿಯ ಕಲೆ ಉಳಿಯುತ್ತದೆ. ಕಣ್ಣಿಗೆ ಹೂ ಬಿತ್ತೆಂದು ನಮ್ಮ ಜನ ಹೇಳುವುದು ಇದನ್ನೇ. ಅದು ದೃಷ್ಟಿಯನ್ನು ಮುಚ್ಚಿದರೆ ಉಳಿಯುವ ಮುಖ್ಯ ದಾರಿ, ಮೃತರೊಬ್ಬರ ಕಾರ್ನಿಯಾದ ಕಸಿ.

1905ರ ಡಿಸೆಂಬರ್ 7ರಂದು ಇಂದಿನ ಝೆಕ್ ದೇಶದ ಓಲೊಮೌಟ್ಸ್ ಪಟ್ಟಣದಲ್ಲಿ ವೈದ್ಯ ಎಡುವರ್ಡ್ ಜಿರ್ಮ್ ಈ ಶಸ್ತ್ರಚಿಕಿತ್ಸೆಯನ್ನು ಮೊದಲ ಬಾರಿ ಯಶಸ್ವಿಯಾಗಿ ನಡೆಸಿದರು. ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಕೂಲಿಕಾರನ ಎರಡೂ ಕಣ್ಣಿಗೆ ಕಸಿ ಮಾಡಲಾಯಿತು, ಉಳಿದದ್ದು ಒಂದೇ. 1956ರ ಮೇ 14ರಂದು ಜಗದ್ಗುರು ಹನ್ನೆರಡನೆಯ ಪಿಯೂಸರು ಕಾರ್ನಿಯಾ ದಾನಿಗಳನ್ನೇ ಉದ್ದೇಶಿಸಿ ಮಾತನಾಡಿ, ಮೃತದೇಹಕ್ಕೆ ಸಲ್ಲುವ ಗೌರವಕ್ಕೂ ಈ ದಾನಕ್ಕೂ ವಿರೋಧವಿಲ್ಲವೆಂದು ಸ್ಪಷ್ಟಪಡಿಸಿದರು. ಪುನರುತ್ಥಾನದ ದಿನ ಕಣ್ಣಿಲ್ಲದೆ ಏಳಬೇಕಾದೀತೆಂಬ ಅಂಜಿಕೆಗೆ ಕಥೋಲಿಕರಲ್ಲಿ ಎಡೆಯಿಲ್ಲ. 2021ರ ಅಕ್ಟೋಬರ್‌ನಲ್ಲಿ ಅಗಲಿದ ನಟ ಪುನೀತ್ ರಾಜ್‌ಕುಮಾರರ ಕಣ್ಣುಗಳು ನಾಲ್ವರಿಗೆ ಬೆಳಕಾದ ಮೇಲೆ ನಾಡಿನಲ್ಲಿ ನೇತ್ರದಾನಕ್ಕೆ ಹೆಸರು ಬರೆಸುವವರ ಸಂಖ್ಯೆ ಬೆಳೆದಿದೆ. ಇದು ಸಂತೋಷದ ಸಂಗತಿ. ಆದರೆ ಪಡೆದವರ ಕಣ್ಣು ಮುಂದೆ ಹೇಗಿದೆಯೆಂದು ಕೇಳುವವರು ಕಡಿಮೆ.

ಕಸಿಯಾದ ಪಟಲವನ್ನು ದೇಹ ತಿರಸ್ಕರಿಸದಿರಲೆಂದು ತಿಂಗಳುಗಟ್ಟಲೆ ಸ್ಟಿರಾಯ್ಡ್ ಹನಿ ಹಾಕಬೇಕಾಗುತ್ತದೆ. ತಿರಸ್ಕಾರವನ್ನು ತಡೆಯುವ ಅದೇ ಹನಿ ಕಣ್ಣಿನ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ನೈಲಾನ್ ಹೊಲಿಗೆಗಳು ಹಲವರಲ್ಲಿ ವರ್ಷದವರೆಗೂ ಇರುತ್ತವೆ. ಸಡಿಲಾದ ಒಂದು ಎಳೆಯೂ ಸೋಂಕಿಗೆ ಬಾಗಿಲಾಗಬಲ್ಲದು. ವಿರಳವಾಗಿ ದಾನದ ಪಟಲದೊಂದಿಗೇ ಕ್ಯಾಂಡಿಡಾ ಎಂಬ ಶಿಲೀಂಧ್ರ ಬರುವುದೂ ಉಂಟು.

ನಿಜವಾದ ಅಪಾಯವಿರುವುದು ಇಲ್ಲಿ. ತಿರಸ್ಕಾರವಾದರೂ ಸೋಂಕಾದರೂ ಕಣ್ಣು ಕೆಂಪಾಗುತ್ತದೆ, ಬೆಳಕು ಚುಚ್ಚುತ್ತದೆ, ನೋಟ ಮಂಜಾಗುತ್ತದೆ. ಹೆಚ್ಚು ಸ್ಟಿರಾಯ್ಡ್ ಮೊದಲನೆಯದಕ್ಕೆ ಮದ್ದು. ಎರಡನೆಯದಕ್ಕೆ, ಅದರಲ್ಲೂ ಶಿಲೀಂಧ್ರಕ್ಕೆ, ಬೆಂಕಿಗೆ ಸುರಿದ ತುಪ್ಪ. ಇವೆರಡನ್ನು ಬೇರ್ಪಡಿಸಲು ನೇತ್ರತಜ್ಞರ ಪರೀಕ್ಷೆ ಬೇಕು; ಹುಣ್ಣಿನ ಅಂಶವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗಬಹುದು. ಶಿಲೀಂಧ್ರವೆಂದು ಖಚಿತವಾದರೆ ನಾಟಮೈಸಿನ್‌ನಂತಹ ಹನಿಗಳನ್ನು ವಾರಗಟ್ಟಲೆ ಹಾಕಬೇಕು. ತಡವಾದರೆ ದಾನದ ಪಟಲವಷ್ಟೇ ಅಲ್ಲ, ಕಣ್ಣೇ ಹೋದೀತು.

ತೊಬಿತನ ಗ್ರಂಥವನ್ನು ಓದಿದವರು ಬಲ್ಲರು: ಅವನ ಕಣ್ಣಿಗೆ ಬಿಳಿಯ ಪೊರೆ ಕವಿದಾಗ ಹಚ್ಚಿದ ಲೇಪಗಳು ಕುರುಡನ್ನು ಹೆಚ್ಚಿಸಿದವು. ಅಂಗಡಿಯಲ್ಲಿ ಕೇಳಿ ತಂದ ಹನಿ, ಸೊಪ್ಪಿನ ರಸ, ಎದೆಹಾಲು ಇಂದಿಗೂ ನಮ್ಮ ಮನೆಗಳಲ್ಲಿ ಅದೇ ಕೆಲಸ ಮಾಡುತ್ತಿವೆ. ಕಸಿಯಾದ ಕಣ್ಣಿಗೆ ವೈದ್ಯರು ಹೇಳದ ಯಾವುದನ್ನೂ ಹಾಕಬಾರದು; ಹೇಳಿದ ಹನಿಯನ್ನು ತಾವಾಗಿ ನಿಲ್ಲಿಸಲೂ ಬಾರದು. ಹನಿ ಹಾಕುವ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕು. ರಾಶಿಯ ಧೂಳಿನಿಂದ ದೂರವಿರಬೇಕು. ಕಣ್ಣು ಕೆಂಪಾದರೆ ಸಂತೆಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೊರಡಬೇಕು.

ಆದರೆ ಹೊರಡುವುದು ಬಡವನಿಗೆ ಸುಲಭವೇ? ಹಳ್ಳಿಯಿಂದ ಕಲಬುರಗಿಗೆ ಹೋಗಿಬರಲು ಒಂದು ದಿನದ ಕೂಲಿ, ಇಬ್ಬರ ಬಸ್ಸಿನ ಖರ್ಚು. ನೋವಿಲ್ಲದಾಗ ಮರುಪರೀಕ್ಷೆ ತಪ್ಪಿಸುವುದು ಉದಾಸೀನದಿಂದಲ್ಲ, ಅನೇಕ ವೇಳೆ ಬಡತನದಿಂದ. ನಮ್ಮ ಧರ್ಮಕೇಂದ್ರಗಳ ಕರ್ತವ್ಯ ಇಲ್ಲಿದೆ. ನೇತ್ರದಾನದ ಪತ್ರಕ್ಕೆ ಸಹಿ ಹಾಕಿಸುವ ಯುವಕರೇ ಕಸಿಯಾದವರ ಮರುಪರೀಕ್ಷೆಯ ದಿನಾಂಕವನ್ನೂ ಬರೆದಿಟ್ಟುಕೊಳ್ಳಲಿ. ಬಡವರಿಗಾಗಿ ಎತ್ತುವ ಕಾಣಿಕೆಯಲ್ಲಿ ಅವರ ಬಸ್ಸಿಗೂ ಹನಿಗೂ ಒಂದು ಪಾಲಿರಲಿ. ಜಾತಿ ಮತ ಕೇಳದೆ ಜೊತೆಗೆ ಹೋಗುವವರೊಬ್ಬರು ಇರಲಿ. ತೊಬಿತನ ಮಗನಿಗೂ ದಾರಿಯುದ್ದಕ್ಕೂ ಜೊತೆಗಾರನನ್ನು ದೇವರೇ ಕಳುಹಿಸಲಿಲ್ಲವೇ?

ಮೃತರೊಬ್ಬರ ಕುಟುಂಬ ಶೋಕದ ನಡುವೆ ನೀಡಿದ ಬೆಳಕು ನಮ್ಮ ಅಲಕ್ಷ್ಯದಿಂದ ಆರದಿರಲಿ.