ನಾಳೆ ಬಾ

1990ರ ದಶಕದಲ್ಲಿ ಈ ನಾಡಿನ ಎಷ್ಟೋ ಊರುಗಳ ಕದಗಳ ಮೇಲೆ ‘ನಾಳೆ ಬಾ’ ಎಂದು ಬರೆದಿತ್ತು. ರಾತ್ರಿ ದೆವ್ವವೊಂದು ಬಂದು ಕದ ತಟ್ಟುತ್ತದಂತೆ, ಬರಹ ಓದಿಕೊಂಡು ವಾಪಸು ಹೋಗುತ್ತದಂತೆ, ಮಾರನೆ ದಿನ ಬಂದರೂ ಅದನ್ನೇ ಓದಿ ಹೋಗುತ್ತದಂತೆ. ದೆವ್ವಕ್ಕೆ ಅಕ್ಷರ ಗೊತ್ತು, ಲೆಕ್ಕ ಗೊತ್ತಿಲ್ಲ ಎಂದು ಊರು ನಂಬಿತ್ತು. ಆ ಬರಹಗಳ ಮೇಲೆ ಸುಣ್ಣ ಬಿದ್ದು ಎಷ್ಟೋ ವರ್ಷಗಳಾದವು. ಆದರೆ ಪುರಸಭೆಯ ಕಿಟಕಿಯಲ್ಲಿ, ಗುತ್ತಿಗೆದಾರನ ಜೀಪಿನ ಬಾಗಿಲಲ್ಲಿ, ಕಾಲೇಜಿನ ಆಫೀಸಿನಲ್ಲಿ ಅದೇ ಮಾತು ಇನ್ನೂ ಇದೆ. ಬರೆದಿಲ್ಲ ಅಷ್ಟೆ. ಬರೆದರೆ ಸಾಕ್ಷಿಯಾಗುತ್ತದಲ್ಲ! ಬಾಯಲ್ಲಿ ಹೇಳುತ್ತಾರೆ. ಕದ ತಟ್ಟುವ ದೆವ್ವಗಳು ನಾವು.

ನಾವು ಎಂದರೆ ಯಾರು? ಕೋಳಿ ಕೂಗೋ ಹೊತ್ತಿಗೆ ಪೊರಕೆ ಹಿಡಿದು ಬೀದಿಗಿಳಿಯುವವರು, ಕಸದ ಗಾಡಿಯ ಹಿಂದೆ ಓಡುವವರು, ಆಸ್ಪತ್ರೆಯ ನೆಲ ಒರೆಸುವವರು, ಹಾಸ್ಟೆಲಿನ ಒಲೆ ಮುಂದೆ ಬೇಯುವವರು. ಅವರ ಹೊಟ್ಟೆಯಲ್ಲಿ ಹುಟ್ಟಿ, ಅದೇ ಹಾಸ್ಟೆಲಿನ ಮುದ್ದೆ ತಿಂದು, ಕೇರಿಗೆ ಮೊದಲನೆ ಡಿಗ್ರಿ ತಂದವರೂ ನಾವೇ. ಅಪ್ಪ ಹೆಬ್ಬೆಟ್ಟು ಒತ್ತಿ ಕಾದ, ನಾವು ಸಹಿ ಹಾಕಿ ಕಾಯುತ್ತಿದ್ದೇವೆ. ನಮ್ಮಲ್ಲಿ ಓದಿದವರಿಗೆ ಸರ್ಕಾರ ಒಂದು ಚೆಂದದ ಹೆಸರು ಇಟ್ಟಿದೆ: ಅತಿಥಿ ಶಿಕ್ಷಕ, ಅತಿಥಿ ಉಪನ್ಯಾಸಕ. ಮನೆಗೆ ಬಂದ ಅತಿಥಿಗೆ ಮೊದಲು ಎಲೆ ಹಾಕುತ್ತಾರೆ. ಶಾಲೆಗೆ ಬಂದ ಈ ಅತಿಥಿಗೆ ಎಲ್ಲರೂ ಉಂಡೆದ್ದ ಮೇಲೆ. ಕೊಡುವುದು ಸಂಬಳವೂ ಅಲ್ಲವಂತೆ, ‘ಗೌರವಧನ’ವಂತೆ. ಆಶಾ ಅಕ್ಕನಿಗೂ ಅಂಗನವಾಡಿ ಟೀಚರಿಗೂ ಬಿಸಿಯೂಟದ ಅವ್ವನಿಗೂ ಅದೇ ಹೆಸರು. ಸಂಬಳ ಅಂದರೆ ಕಾಯಿದೆ ಬರುತ್ತದೆ, ತಾರೀಕು ಬರುತ್ತದೆ. ಗೌರವ ಅಂದರೆ ಕೊಟ್ಟಾಗ ಕೊಟ್ಟರಾಯಿತು. ನಮ್ಮ ಜನ ಗೌರವ ಕೇಳಿದಾಗ ಕೂಲಿ ತೋರಿಸಿದರು. ಈಗ ಕೂಲಿ ಕೇಳಿದರೆ ಗೌರವ ತೋರಿಸುತ್ತಿದ್ದಾರೆ.

ತಡವಾಗಿ ಕೊಡುವುದು ಈ ನೆಲದಲ್ಲಿ ನಿನ್ನೆ ಮೊನ್ನೆ ಹುಟ್ಟಿದ ರೋಗವಲ್ಲ. ಹಳ್ಳಿಯ ಆಯಗಾರಿಕೆ ನೋಡಿ. ತೋಟಿ, ತಳವಾರ, ನೀರಗಂಟಿ ವರ್ಷವಿಡೀ ಊರಿಗೆ ದುಡಿಯಬೇಕು. ಸತ್ತ ದನ ಎಳೆಯಬೇಕು, ಸಾವಿನ ಸುದ್ದಿ ಹೊತ್ತು ಹರದಾರಿಗಟ್ಟಲೆ ನಡೆಯಬೇಕು, ತಮಟೆ ಬಡಿಯಬೇಕು, ಕೆರೆಯ ತೂಬು ಕಾಯಬೇಕು. ಪ್ರತಿಫಲ ಸುಗ್ಗಿಯಲ್ಲಿ, ಕಣದಲ್ಲಿ. ರಾಶಿಗೆ ಪೂಜೆ ಆಗಿ, ದೇವರ ಪಾಲು ಎತ್ತಿ, ಧಣಿಯ ಚೀಲ ತುಂಬಿದ ಮೇಲೆ ಕಣದ ಅಂಚಲ್ಲಿ ಸೆರಗೊಡ್ಡಿ ನಿಂತವರಿಗೆ ಮೊರದಲ್ಲಿ ಬಿದ್ದಷ್ಟು. ಮಳೆ ಕೈಕೊಟ್ಟ ವರ್ಷ ಅದೂ ಇಲ್ಲ. ಅದನ್ನು ಕೂಲಿ ಅನ್ನಲಿಲ್ಲ, ‘ಆಯ’ ಅಂದರು. ದುಡಿದವನು ತಲೆ ಬಾಗಿಸಿ ‘ಅಡ್ಡಬಿದ್ದೆ ಬುದ್ಧಿ’ ಅಂದ, ಕೊಟ್ಟವನು ಧರ್ಮಾತ್ಮನಾದ. 1961ರ ಕಾಯಿದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಹುದ್ದೆ ಹೋಯಿತು. ಕಾಯಿಸುವ ಚಟ ಹೋಗಲಿಲ್ಲ. ಕಾಯುವುದು ಈ ಜನರ ಜಾತಿಗುಣ ಎಂದು ತಿಳಿದ ತಲೆಗಳೇ ಇವತ್ತೂ ಬಿಲ್ಲಿಗೆ ಸಹಿ ಹಾಕುವ ಕುರ್ಚಿಯಲ್ಲಿ ಕೂತಿವೆ.

ಜೀತದ ಕತೆ ಇನ್ನೊಂದು. ಮದುವೆಗೋ ಕಾಯಿಲೆಗೋ ತಂದ ಸಾಲಕ್ಕೆ ಮಗನನ್ನು ಧಣಿಯ ಕೊಟ್ಟಿಗೆಗೆ ಬಿಟ್ಟ ಅಪ್ಪಂದಿರು ನಮ್ಮ ಕೇರಿಗಳಲ್ಲಿ ಮನೆಗೊಬ್ಬರು ಇದ್ದರು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದೇ ಕಾಯಿದೆಯಾಯಿತು, ಜೀತ ನಿಷೇಧವಾಯಿತು. ಈಗ ನೋಡಿ. ಮೂರು ತಿಂಗಳ ಬಾಕಿ ಗುತ್ತಿಗೆದಾರನ ಕೈಲಿದೆ. ಕೆಲಸ ಬಿಟ್ಟರೆ ಆ ಬಾಕಿಯ ಆಸೆ ಬಿಡಬೇಕು. ಅದಕ್ಕೇ ಬಿಡುವಂತಿಲ್ಲ. ಜೋರು ಮಾಡಿದರೆ ‘ನಾಳೆಯಿಂದ ಬರಬೇಡ’. ಆಗ ಸಾಲಗಾರರು ನಾವು, ಕಟ್ಟುಬಿದ್ದವರೂ ನಾವು. ಈಗ ಸಾಲಗಾರ ಅವನು, ಕಟ್ಟುಬಿದ್ದವರು ಮಾತ್ರ ನಾವೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟು 1982ರಲ್ಲಿ, ದಿಲ್ಲಿಯ ಏಷ್ಯಾಡ್ ಕ್ರೀಡಾಂಗಣ ಕಟ್ಟಿದ ಕೂಲಿಗಳ ಮೊಕದ್ದಮೆಯಲ್ಲಿ ಹೇಳಿತು. ಕಡಿಮೆ ಕೊಡುವುದೇ ಬಲವಂತವಾದರೆ, ಮೂರು ತಿಂಗಳು ಏನನ್ನೂ ಕೊಡದೆ ದುಡಿಸುವುದಕ್ಕೆ ಏನೆಂದು ಹೆಸರಿಡೋಣ?

ಬಾಯಿ ತೆರೆದರೆ ಅವರಲ್ಲಿ ಸಿದ್ಧ ಉತ್ತರ ಇದೆ. ‘ಬಿಲ್ ಪಾಸಾಗಿಲ್ಲಮ್ಮ.’ ‘ಗ್ರಾಂಟ್ ಬಂದಿಲ್ಲ ಕಣಯ್ಯ.’ ‘ಆಧಾರ್ ಲಿಂಕ್ ಆಗಿಲ್ಲ, ಬ್ಯಾಂಕಿಗೆ ಹೋಗಿ ಬಾ.’ ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆ ಹುಟ್ಟಿದಾಗ ಗುತ್ತಿಗೆದಾರ ಇರಲಿಲ್ಲ. ಇಲ್ಲಿ ದೇವರು ಪೂಜಾರಿಯ ಕಡೆ ಕೈ ತೋರಿಸುತ್ತಾನೆ, ಪೂಜಾರಿ ದೇವರ ಕಡೆ. ಆದರೆ 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ಈ ಆಟಕ್ಕೆ ಅವಕಾಶ ಕೊಟ್ಟಿರಲಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕು, ಕೊಟ್ಟು ಗುತ್ತಿಗೆದಾರನಿಂದ ಆಮೇಲೆ ವಸೂಲಿ ಮಾಡಿಕೊಳ್ಳಬೇಕು ಎಂದಿತ್ತು. ಆ ಕಾಯಿದೆ ಹೊಸ ಸಂಹಿತೆಯೊಳಗೆ ಸೇರಿಹೋದರೂ ಈ ಮಾತು ಉಳಿದಿದೆ. ಬಿಲ್ಲು ಅವರಿಬ್ಬರ ನಡುವಿನ ವ್ಯವಹಾರ. ಬೀದಿ ಗುಡಿಸಿದವಳಿಗೂ ಅದಕ್ಕೂ ಸಂಬಂಧವಿಲ್ಲ.

ತಾರೀಕಿನ ವಿಷಯವೂ ಹೊಸದೇನಲ್ಲ. 1936ರಲ್ಲಿ, ಬಾಬಾಸಾಹೇಬರ ‘ಜಾತಿ ವಿನಾಶ’ ಅಚ್ಚಾದ ವರ್ಷವೇ, ಬಿಳಿಯರ ಸರ್ಕಾರ ವೇತನ ಪಾವತಿ ಕಾಯಿದೆ ತಂದಿತ್ತು. ಮುಂದಿನ ತಿಂಗಳ ಏಳನೆ ತಾರೀಕಿನೊಳಗೆ ಸಂಬಳ, ಸಾವಿರ ಜನರಿರುವ ದೊಡ್ಡ ಕಾರ್ಖಾನೆಯಾದರೆ ಹತ್ತರೊಳಗೆ. ಅದನ್ನು 2019ರ ವೇತನ ಸಂಹಿತೆ ನುಂಗಿತು, 2025ರ ನವೆಂಬರ್ 21ರಿಂದ ಸಂಹಿತೆ ಜಾರಿಗೆ ಬಂತು. ಅದರ ಪ್ರಕಾರ ತಿಂಗಳ ಸಂಬಳದವರಿಗೆ ಏಳನೆ ತಾರೀಕೇ ಗಡುವು. ದಿನಗೂಲಿಯವನಿಗೆ ಪಾಳಿ ಮುಗಿದಾಗಲೇ ಕೊಡಬೇಕು. ಕೆಲಸದಿಂದ ತೆಗೆದರೂ, ತಾನೇ ಬಿಟ್ಟರೂ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಆಗಬೇಕು. ಕೇಳಲು ಚೆನ್ನಾಗಿದೆ. ಆದರೆ ಅದೇ ಸಂಹಿತೆಯಲ್ಲಿ ಇನ್ನೊಂದು ಸಾಲಿದೆ. ಈ ಪಾವತಿಯ ಅಧ್ಯಾಯ ಸರ್ಕಾರಿ ಕಚೇರಿಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ತಾನಾಗಿ ಅನ್ವಯಿಸುವುದಿಲ್ಲ, ಸರ್ಕಾರ ಅಧಿಸೂಚನೆ ಹೊರಡಿಸಿದರೆ ಮಾತ್ರ! ಊರಿಗೆಲ್ಲ ಏಳನೆ ತಾರೀಕು, ಊರಗೌಡನಿಗೆ ಅವನು ಒಪ್ಪಿದ ತಾರೀಕು. ಕಾರ್ಮಿಕ ನಿರೀಕ್ಷಕನ ಹೆಸರನ್ನೂ ಬದಲಿಸಿ ಅದಕ್ಕೆ ‘ಸುಗಮಕಾರ’ ಅಂತ ಬಾಲ ಹಚ್ಚಿದ್ದಾರೆ. ಯಾರ ಹಾದಿ ಸುಗಮ ಮಾಡಲಿಕ್ಕೋ ನೋಡಬೇಕು.

ಸಾಲದ ಲೆಕ್ಕಕ್ಕೆ ಬರೋಣ, ಮೇಷ್ಟ್ರು ಮಕ್ಕಳಿಗೆ ಬೋರ್ಡಿನ ಮೇಲೆ ಹಾಕಿ ತೋರಿಸುವಂಥ ಲೆಕ್ಕ. ಒಬ್ಬ ಗುತ್ತಿಗೆದಾರನ ಕೆಳಗೆ 200 ಜನ, ತಲಾ 15,000 ರೂಪಾಯಿ ಅನ್ನಿ. ತಿಂಗಳಿಗೆ 30 ಲಕ್ಷ. ಮೂರು ತಿಂಗಳು ತಡೆದರೆ 90 ಲಕ್ಷ. ಅಷ್ಟು ಹಣವನ್ನು ಬಡ್ಡಿಯಿಲ್ಲದೆ, ಜಾಮೀನಿಲ್ಲದೆ ಯಾವ ಬ್ಯಾಂಕು ಕೊಡುತ್ತದೆ? ನಾವು ಕೊಡುತ್ತಿದ್ದೇವೆ, ಗುಡಿಸಲಲ್ಲಿರುವವರು! ಕೊಟ್ಟು, ನಾವು ಅಕ್ಕಿಗೆ ಮೀಟರ್ ಬಡ್ಡಿಯವನ ಹತ್ತಿರ ಹೋಗುತ್ತೇವೆ. ಉದ್ಯೋಗ ಖಾತರಿಯ 2005ರ ಕಾಯಿದೆ ಹದಿನೈದು ದಿನದಲ್ಲಿ ಕೂಲಿ ಕೊಡಬೇಕು ಎಂದಿತ್ತು. ತಡವಾದರೆ ದಿನಕ್ಕೆ ಶೇ. 0.05 ಪರಿಹಾರ, ಅಂದರೆ 3,000 ರೂಪಾಯಿ ಬಾಕಿಗೆ ದಿನಕ್ಕೆ ಒಂದೂವರೆ ರೂಪಾಯಿ. ಅದೇ 3,000ವನ್ನು ನೂರಕ್ಕೆ ಹತ್ತರ ಬಡ್ಡಿಗೆ ತಂದವಳು ದಿನಕ್ಕೆ ಹತ್ತು ರೂಪಾಯಿ ಕಟ್ಟುತ್ತಾಳೆ. ಉಳಿದ ಎಂಟೂವರೆ ಯಾರ ಪಾಪದ ಲೆಕ್ಕಕ್ಕೆ? 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಕಿರುಸಾಲದವರ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತಂದಿತು. ಒಳ್ಳೆಯದೇ. ಕಂತು ಕಟ್ಟದವಳ ಮನೆಗೆ ಬೀಗ ಜಡಿಯಬಾರದು ನಿಜ. ಅವಳು ಸಾಲ ಯಾಕೆ ತಂದಳು, ಅವಳ ಸಂಬಳ ಯಾರ ಡ್ರಾಯರಿನಲ್ಲಿತ್ತು ಎಂದು ಯಾರೂ ಕೇಳಲಿಲ್ಲ.

ಉದ್ಯೋಗ ಖಾತರಿಯ ಮಾತು ಬಂದಿದ್ದಕ್ಕೆ ಇನ್ನೊಂದು. 2021ರ ಮಾರ್ಚಿನಲ್ಲಿ ದಿಲ್ಲಿಯಿಂದ ಒಂದು ಸಲಹೆ ಬಂತು: ಕೂಲಿ ಪಾವತಿಯನ್ನು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರರು ಎಂದು ಬೇರೆ ಬೇರೆ ಮಾಡಿ. ಒಂದೇ ಕೆರೆಯ ಹೂಳು ಎತ್ತಿದವರ ಕೂಲಿ ಜಾತಿವಾರು ಮೂರು ಕಾಲುವೆಗಳಲ್ಲಿ, ಬೇರೆ ಬೇರೆ ದಿನ ಬಂತು. ಗುದ್ದಲಿಗೆ ಜಾತಿ ಇರಲಿಲ್ಲ, ಕಂಪ್ಯೂಟರ್ ಹಚ್ಚಿತು. ‘ಅವರಿಗೆ ಬಂತು, ನಮಗೆ ಬರಲಿಲ್ಲ’ ಎಂದು ಬಡವರು ಬಡವರ ಮೇಲೆ ಕಣ್ಣು ಕೆಂಪಗೆ ಮಾಡಿಕೊಳ್ಳುವ ಹಾಗಾಯಿತು. ಅದೇ ವರ್ಷದ ಕೊನೆಗೆ ಬಿಟ್ಟರು. ತಡ ಅಂದರೆ ಬರೀ ಹೊತ್ತು ಮೀರುವುದಲ್ಲ, ಜನ ಒಡೆಯುವ ಕೊಡಲಿಯೂ ಹೌದು. 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಕಚೇರಿಗಳ ನಿಧಾನಕ್ಕೆ ಕೂಲಿಕಾರ ಬೆಲೆ ತೆರಬೇಕಾಗಿಲ್ಲ ಎಂಬರ್ಥದ ತೀರ್ಪು ಕೊಟ್ಟಿದ್ದನ್ನು ಇಲ್ಲಿ ನೆನಪಿಡಿ.

ನರಸಾಪುರ ಗೊತ್ತಲ್ಲ? 2020ರ ಡಿಸೆಂಬರ್ 12ರ ಬೆಳಿಗ್ಗೆ ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯ ಗಾಜು ಪುಡಿಯಾಯಿತು. ಸಂಬಳ ಸರಿಯಾಗಿ ಬರಲಿಲ್ಲ, ಹೊತ್ತಿಗೆ ಬರಲಿಲ್ಲ ಎಂಬುದು ಹುಡುಗರ ಕೂಗು. ನೂರಕ್ಕೂ ಹೆಚ್ಚು ಜನರ ಬಂಧನ. ನಷ್ಟ 437 ಕೋಟಿ ಎಂದು ದೂರು, ಆಮೇಲೆ ಕಂಪನಿಯೇ ಆ ಅಂಕಿಯನ್ನು ಬಹಳ ಕೆಳಗಿಳಿಸಿತು. ಒಂದು ವಾರ ಕಳೆಯುವಷ್ಟರಲ್ಲಿ, ಕೆಲವು ಕಾರ್ಮಿಕರಿಗೆ ಸರಿಯಾಗಿ, ಹೊತ್ತಿಗೆ ಸಂಬಳ ಕೊಟ್ಟಿರಲಿಲ್ಲ ಎಂದು ಒಪ್ಪಿ ಕ್ಷಮೆಯನ್ನೂ ಕೇಳಿತು. ಗಾಜು ಒಡೆಯಿರಿ ಎಂದು ನಾವು ಹೇಳುತ್ತಿಲ್ಲ. ಒಡೆದ ಹುಡುಗರು ಕೋರ್ಟು ಅಲೆದರು. ನಾವು ಕೇಳುವುದು ಇಷ್ಟು: ಒಡೆದ ಗಾಜಿನ ಲೆಕ್ಕ ಒಂದು ದಿನದಲ್ಲಿ ಸಿಗುತ್ತದೆ, ಸುರಿದ ಬೆವರಿನ ಲೆಕ್ಕಕ್ಕೆ ತಿಂಗಳುಗಳು ಯಾಕೆ ಬೇಕು?

ಬೆಂಗಳೂರಿನಲ್ಲಿ 2018ರ ಜುಲೈನಲ್ಲಿ ಒಬ್ಬ ಪೌರಕಾರ್ಮಿಕ ತಿಂಗಳುಗಟ್ಟಲೆ ಸಂಬಳ ಕಾಣದೆ ಜೀವ ತೆಗೆದುಕೊಂಡ. ಅವನು ಗಾಜು ಒಡೆಯಲಿಲ್ಲ. ಹೆಸರು ಬರೆಯುವುದಿಲ್ಲ, ಅವನ ಮಕ್ಕಳು ಓದುತ್ತಿರಬಹುದು. 2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ನಾಲ್ಕು ದಿನ ಪೊರಕೆ ಕೆಳಗಿಟ್ಟರು. ನಾಲ್ಕೇ ದಿನ. ಊರು ನಾರಿತು, ವಿಧಾನಸೌಧ ಮೂಗು ಮುಚ್ಚಿಕೊಂಡು ಮಾತಿಗೆ ಬಂತು, ಕಾಯಂ ಮಾಡುವ ಭರವಸೆ ಕೊಟ್ಟಿತು.

ಈಗ ಒಳಗಿನ ಮಾತು. ಧಣಿಗಳನ್ನು ಬೈಯುವುದು ಸುಲಭ. ನಮ್ಮವರೇ ಕೆಲವರು ಈಗ ಶಾಲೆ ನಡೆಸುತ್ತಾರೆ, ಟ್ರಸ್ಟು ಇಟ್ಟಿದ್ದಾರೆ, ಪ್ರೆಸ್ಸು ಇಟ್ಟಿದ್ದಾರೆ, ಗುತ್ತಿಗೆ ಹಿಡಿಯುತ್ತಾರೆ. ಹಿಡಿಯಲಿ, ಅದೂ ಹೋರಾಡಿ ಪಡೆದದ್ದೇ. ಆದರೆ ಅಲ್ಲಿ ದುಡಿಯುವ ಹುಡುಗ ಸಂಬಳ ಕೇಳಿದರೆ ‘ಚಳವಳಿಗೋಸ್ಕರ ಸ್ವಲ್ಪ ತಾಳ್ಕೊಳಪ್ಪ’ ಅಂತಾರೆ. ಏಪ್ರಿಲ್ 14ಕ್ಕೆ ಶಾಮಿಯಾನ ಕಟ್ಟಿದವನು, ಮೈಕಿನವನು ಜೂನ್‌ವರೆಗೂ ಬಾಕಿಗೆ ಅಲೆಯುತ್ತಾನೆ. ಶೋಷಣೆಯ ವಿರುದ್ಧ ಗುಡುಗಿದ್ದು ಅವನ ಮೈಕಿನಲ್ಲೇ. ಇಂಥವರನ್ನು ‘ನಮ್ಮವರು’ ಎಂದು ಬಿಡುವುದಾದರೆ ಗೌಡನನ್ನು ಬೈಯುವ ಹಕ್ಕು ನಮಗಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯರೇ, ನಿಮ್ಮಿಂದ ನಮಗೆ ಬೇಕಾದದ್ದು ಕವಿತೆಯಲ್ಲ. ಕವಿತೆ ನಾವು ಬರೆಯುತ್ತೇವೆ, ಬೇಕಾದಷ್ಟು ಆಗಿದೆ. ಸಂಜೆ ಅರ್ಧ ಗಂಟೆ ಕೂತು ಅರ್ಜಿ ಬರೆದುಕೊಡಿ. ಬರೆಯುವಾಗ ‘ಕಡುಬಡವರಾದ ನಾವು’, ‘ದಯಪಾಲಿಸಬೇಕಾಗಿ’, ‘ತಮ್ಮ ಕೃಪೆ’ ಎಂಬ ಹಳೆಯ ಸಾಲುಗಳನ್ನು ಹೊಡೆದುಹಾಕಿ. ಬಾಕಿ ಕೇಳುವವನು ಭಿಕ್ಷುಕನಲ್ಲ. ಇಂಥ ತಿಂಗಳು, ಇಷ್ಟು ದಿನ, ಇಷ್ಟು ರೂಪಾಯಿ, ಇಂಥ ತಾರೀಕಿಗೆ ಕೊಡಬೇಕಿತ್ತು, ಕೊಟ್ಟಿಲ್ಲ. ಸಾಕು. ಅದಕ್ಕೆ ಮುಂಚೆ ಪ್ರತಿಯೊಬ್ಬರ ಕೈಗೂ ಒಂದೊಂದು ನೋಟ್‌ಬುಕ್ ಕೊಟ್ಟು, ಹೋದ ದಿನ, ಮಾಡಿದ ಕೆಲಸ, ಹಾಜರಿ ಹಾಕಿದ ಮೇಸ್ತ್ರಿಯ ಹೆಸರು ಬರೆಸಿ. ಅವರ ಹಾಜರಿ ಪುಸ್ತಕ ಅವರ ಹತ್ತಿರ ಇರುತ್ತದೆ, ಬೇಕಾದಾಗ ಕಳೆದೂ ಹೋಗುತ್ತದೆ. ಗುತ್ತಿಗೆದಾರನಿಗೆ ಎಷ್ಟು ಬಿಲ್ಲು, ಯಾವ ದಿನ ಪಾವತಿಯಾಯಿತು ಎಂಬುದನ್ನು 2005ರ ಮಾಹಿತಿ ಹಕ್ಕಿನಲ್ಲಿ ಕೇಳಿ. ‘ಬಿಲ್ ಪಾಸಾಗಿಲ್ಲ’ ಎಂಬುದು ಎಷ್ಟು ನಿಜ ಅಂತ ಗೊತ್ತಾಗುತ್ತದೆ. ಅರ್ಜಿ ಕೊಡಲು ಒಬ್ಬರೇ ಹೋಗಬೇಡಿ. ಒಬ್ಬರು ಹೋದರೆ ಹೆಸರು ನೆನಪಿಟ್ಟುಕೊಳ್ಳುತ್ತಾರೆ, ಮೂವತ್ತು ಜನ ಹೋದರೆ ಕುರ್ಚಿ ಹಾಕುತ್ತಾರೆ. ಒಂದು ಪ್ರತಿ ಗುತ್ತಿಗೆದಾರನಿಗೆ, ಒಂದು ಪುರಸಭೆಯ ಮುಖ್ಯಾಧಿಕಾರಿಗೆ, ಒಂದು ಕಾರ್ಮಿಕ ಇಲಾಖೆಗೆ. ಅಲ್ಲೂ ಆಗದಿದ್ದರೆ ಕ್ಲೇಮು ಹಾಕಬೇಕು: ಹೊಸ ಸಂಹಿತೆಯಲ್ಲಿ ಅದಕ್ಕೆ ಮೂರು ವರ್ಷದ ಅವಧಿ ಇದೆ, ಸಂಘವೂ ಹಾಕಬಹುದು, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ವಕೀಲರಿಗೆ ದುಡ್ಡೆಲ್ಲಿ ಅಂತೀರಾ? 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿ ಪರಿಶಿಷ್ಟರಿಗೆ, ಹೆಂಗಸರಿಗೆ ಆದಾಯದ ಮಿತಿ ನೋಡದೆ ವಕೀಲರನ್ನು ಪುಕ್ಕಟೆ ಕೊಡಬೇಕು. ಜಿಲ್ಲಾ ಕೋರ್ಟಿನ ಆವರಣದಲ್ಲೇ ಅವರ ಆಫೀಸು ಇರುತ್ತದೆ, ಬೋರ್ಡು ಓದಿ ಒಳಗೆ ಕರೆದುಕೊಂಡು ಹೋಗುವವರು ಬೇಕು.

ಕೊಟ್ಟ ಪ್ರತಿಯೊಂದು ಅರ್ಜಿಗೂ ಕಚೇರಿಯ ಮೊಹರು, ತಾರೀಕು ಹಾಕಿಸಿಕೊಳ್ಳಿ. ಹಾಕುವುದಿಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮೊಹರು ಬಿದ್ದ ಪ್ರತಿಗಳನ್ನು ಶಾಲೆಯ ಬೀರುವಿನಲ್ಲಿಡಿ ಮೇಷ್ಟ್ರೇ. ನಮ್ಮ ಮನೆಗಳು ಸೋರುತ್ತವೆ, ಕಾಗದ ನೆನೆಯುತ್ತದೆ.